ಮಾರ್ಕೆಟಿಂಗ್ ವೃತ್ತಿಯಲ್ಲಿ ಮೇಲೇರಲು ಆತ್ಮವಿಶ್ವಾಸ ಮತ್ತು ಸಂಪರ್ಕಗಳನ್ನು ಬೆಳೆಸಿಕೊಳ್ಳುವ ಕ್ರಮ

ಮಾರ್ಕೆಟಿಂಗ್ ಕೆಲಸದಲ್ಲಿ ಕೆಲವು ವರ್ಷ ಕಳೆದವರಲ್ಲಿ ಅನೇಕರು ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಕ್ಯಾಂಪೇನ್ ನಡೆಸುವುದು ಬರುತ್ತದೆ, ವರದಿ ಓದುವುದೂ ಬರುತ್ತದೆ, ಆದರೆ ಹಿರಿಯರು ಕೂತ ಮೀಟಿಂಗ್‌ನಲ್ಲಿ ಬಾಯಿ ತೆರೆಯಲು ಹಿಂಜರಿಕೆ. ಹೊರಗೆ ಅವಕಾಶ ಹುಡುಕೋಣವೆಂದರೆ ಯಾರನ್ನು ಕೇಳಬೇಕೆಂದು ತೋಚುವುದಿಲ್ಲ. ಇದರಿಂದ ಹೊರಬರಲು ಅವರು ಮಾಡುವ ಪ್ರಯತ್ನವೂ ಬಹುಮಟ್ಟಿಗೆ ಒಂದೇ: ಒಂದು ವಾರಾಂತ್ಯ ಕೂತು ಪ್ರೊಫೈಲ್ ತಿದ್ದುತ್ತಾರೆ, ಗುರುತಿಲ್ಲದ ನೂರಾರು ಮಂದಿಗೆ ಸಂಪರ್ಕ ಕೋರಿಕೆ ಕಳಿಸುತ್ತಾರೆ, ಒಂದು ಸಮಾವೇಶಕ್ಕೆ ಹೋಗಿ ಕೈತುಂಬ ವಿಸಿಟಿಂಗ್ ಕಾರ್ಡ್ ತರುತ್ತಾರೆ, ಏನೂ ಆಗದಿದ್ದಾಗ ‘ಇದು ನನ್ನ ಸ್ವಭಾವಕ್ಕೆ ಹೊಂದುವುದಿಲ್ಲ’ ಎಂದು ಕೈಬಿಡುತ್ತಾರೆ.

ಇಲ್ಲಿ ಸ್ವಭಾವವನ್ನು ದೂರುವುದಕ್ಕಿಂತ ಕೆಲಸದ ಕ್ರಮವನ್ನು ನೋಡುವುದು ಒಳ್ಳೆಯದು. ಹೇಳಿಕೊಳ್ಳಲು ಕೈಯಲ್ಲಿ ಸಾಮಗ್ರಿ ಸಿದ್ಧವಾಗುವ ಮೊದಲೇ ಅವರು ಅಪರಿಚಿತರ ಮುಂದೆ ನಿಂತಿರುತ್ತಾರೆ. ಕೆಳಗಿನ ಹಂತಗಳನ್ನು ಬರೆದಿರುವ ಅನುಕ್ರಮದಲ್ಲೇ ಮಾಡಬೇಕು. ಮೊದಲ ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದರೆ ಹಳೆಯ ಫಲಿತಾಂಶವೇ ಮರುಕಳಿಸುತ್ತದೆ.

ಆರಂಭಿಸುವ ಮುನ್ನ ಬೇಕಾದವು

ಸಲಕರಣೆಗಳು ಹೆಚ್ಚಿಲ್ಲ. ಮಾಡಿದ ಕೆಲಸವನ್ನು ಬರೆದಿಡಲು ಒಂದು ಕಡತ, ಪರಿಚಿತರ ವಿವರಕ್ಕೆ ಒಂದು ಎಕ್ಸೆಲ್ ಹಾಳೆ, ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಫೋನ್, ಮತ್ತು ಕ್ಯಾಲೆಂಡರ್‌ನಲ್ಲಿ ವಾರಕ್ಕೆ ಎರಡು ಸಲ ಅರ್ಧ ಗಂಟೆಯಂತೆ ಕಾದಿರಿಸಿದ ಸಮಯ. ಈ ಕೊನೆಯದನ್ನು ಹೆಚ್ಚಿನವರು ಲಘುವಾಗಿ ಕಾಣುತ್ತಾರೆ. ಬಿಡುವಾದಾಗ ಮಾಡೋಣವೆಂದು ಇಟ್ಟುಕೊಂಡ ಕೆಲಸಕ್ಕೆ ಮಾರ್ಕೆಟಿಂಗ್ ವಿಭಾಗದಲ್ಲಿ ಬಿಡುವು ಆಗುವುದೇ ಇಲ್ಲ.

ಸಂಸ್ಥೆಯ ಗೋಪ್ಯ ಅಂಕಿಅಂಶ, ಗ್ರಾಹಕರ ವಿವರ ಮತ್ತು ಬಜೆಟ್ ನಿಮ್ಮ ಸ್ವಂತ ಕಡತಕ್ಕೆ ಬರಬಾರದು. ಏನನ್ನು ಹೊರಗೆ ಹೇಳಬಹುದು ಎಂಬುದನ್ನು ಮ್ಯಾನೇಜರ್ ಬಳಿ ಮೊದಲೇ ಕೇಳಿ ತಿಳಿದುಕೊಳ್ಳಿ. ಹಿಂದಿನ ಸಂಸ್ಥೆಯ ಗುಟ್ಟನ್ನು ಸಂದರ್ಶನದಲ್ಲಿ ಬಿಚ್ಚಿಡುವವರನ್ನು ಕಂಡರೆ, ನಾಳೆ ನಮ್ಮದನ್ನೂ ಹೀಗೆಯೇ ಹೇಳಿಯಾರು ಎಂಬ ಅನುಮಾನ ಕೇಳುವವರಿಗೆ ಬರುತ್ತದೆ.

ಹಂತ 1: ಮಾಡಿದ ಕೆಲಸದ ಲೆಕ್ಕ ಬರೆಯುವುದು

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, ಒಂದು ಕೆಲಸ ತನ್ನಿಂದ ಸಾಧ್ಯ ಎಂಬ ನಂಬಿಕೆ ನಾಲ್ಕು ಮೂಲಗಳಿಂದ ಬರುತ್ತದೆ ಎಂದು ವಿವರಿಸಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ನೋಡುವುದು, ಇತರರ ಉತ್ತೇಜನದ ಮಾತು, ಮತ್ತು ಆ ಹೊತ್ತಿನಲ್ಲಿ ದೇಹ ಹಾಗೂ ಮನಸ್ಸು ಇರುವ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು ಎಂದರು. ಹೀಗಿರುವಾಗ ಹುರಿದುಂಬಿಸುವ ವಿಡಿಯೊಗಳನ್ನು ನೋಡುತ್ತ ಕೂರುವುದಕ್ಕಿಂತ, ಈಗಾಗಲೇ ಮಾಡಿರುವುದನ್ನು ನೆನಪಿನಿಂದ ಕಾಗದಕ್ಕೆ ಇಳಿಸುವುದು ಹೆಚ್ಚು ಉಪಯುಕ್ತ.

ಕಳೆದ ಎರಡು ವರ್ಷಗಳ ಎಂಟರಿಂದ ಹತ್ತು ಕೆಲಸಗಳನ್ನು ಆರಿಸಿ. ಪ್ರತಿಯೊಂದಕ್ಕೂ ಆರಂಭದ ಸ್ಥಿತಿ, ನೀವು ಗಮನಿಸಿದ್ದು, ನೀವು ಮಾಡಿದ್ದು, ಇತರರು ಮಾಡಿದ್ದು, ಫಲಿತಾಂಶ, ಇನ್ನೂ ತಿಳಿಯದೆ ಉಳಿದದ್ದು ಎಂದು ಆರು ಸಾಲು ಸಾಕು. ಒಂದು ದಾಖಲೆ ಹೀಗಿರಬಹುದು:

‘ನವೀಕರಣದ ಗಡುವು ಹತ್ತಿರ ಬಂದ ಗ್ರಾಹಕರಿಗೆ ಹೋಗುವ ಇಮೇಲ್. ತಲುಪಿದವುಗಳಲ್ಲಿ ಕ್ಲಿಕ್ ಆಗುತ್ತಿದ್ದದ್ದು ಶೇ 2.1. ಗ್ರಾಹಕ ಸೇವೆಯ ಕರೆಗಳನ್ನು ಕೇಳಿದಾಗ ಕೊನೆಯ ದಿನ ಯಾವುದು ಎಂಬ ಪ್ರಶ್ನೆಯೇ ಹೆಚ್ಚಾಗಿತ್ತು. ವಿಷಯದ ಸಾಲಿನಲ್ಲೇ ದಿನಾಂಕ ಹಾಕೋಣವೆಂದು ನಾನು ಸೂಚಿಸಿ, ಸಾಲು ಬರೆದುಕೊಟ್ಟೆ. ಪಟ್ಟಿಯನ್ನು ಎರಡು ಭಾಗ ಮಾಡಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಕಳಿಸಿದ್ದು ಸಹೋದ್ಯೋಗಿ. ಹೊಸದರಲ್ಲಿ ಶೇ 2.9. ನವೀಕರಣದ ಸಂಖ್ಯೆ ಹೆಚ್ಚಿತೇ ಎಂಬುದು ಇನ್ನೂ ಗೊತ್ತಾಗಿಲ್ಲ.’

ಈ ದಾಖಲೆಯ ಬಲ ಅದರ ಕೊನೆಯ ಮೂರು ವಾಕ್ಯಗಳಲ್ಲಿದೆ. ಸಹೋದ್ಯೋಗಿಯ ಪಾಲನ್ನು ಬೇರೆಯಾಗಿ ಬರೆದಿರುವುದರಿಂದ ನಿಮ್ಮ ಪಾಲು ಯಾವುದೆಂದು ನಿಮಗೇ ಸ್ಪಷ್ಟವಾಗುತ್ತದೆ. ಯಶಸ್ಸೆಲ್ಲ ಅದೃಷ್ಟದಿಂದ ಬಂದದ್ದು, ಒಂದು ದಿನ ತನ್ನ ಬಂಡವಾಳ ಬಯಲಾಗುತ್ತದೆ ಎಂಬ ಅಳುಕು ಸಾಧಕರಲ್ಲೂ ಇರುವುದನ್ನು ಮನಶ್ಶಾಸ್ತ್ರಜ್ಞರಾದ ಪಾಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲೇ ಗುರುತಿಸಿದ್ದರು. ಒಂದೇ ಫಲಿತಾಂಶದ ಹಿಂದೆ ಹತ್ತು ಜನರ ಕೈ ಇರುವ ಮಾರ್ಕೆಟಿಂಗ್‌ನಲ್ಲಿ ಆ ಅಳುಕಿಗೆ ಜಾಗ ಇನ್ನೂ ಹೆಚ್ಚು. ಪಾಲುಗಳನ್ನು ಬಿಡಿಸಿ ಬರೆಯುವುದು ನನಗೆ ತಿಳಿದಂತೆ ಅದಕ್ಕೆ ಒಳ್ಳೆಯ ಮದ್ದು.

ಇಲ್ಲಿ ಆಗುವ ತಪ್ಪುಗಳು ಎರಡು. ಒಂದು, ಶೇ 2.1ರಿಂದ 2.9ಕ್ಕೆ ಏರಿದ್ದನ್ನು ‘ಶೇ 38ರಷ್ಟು ಹೆಚ್ಚಳ’ ಎಂದು ಮಾತ್ರ ಹೇಳುವುದು. ಲೆಕ್ಕ ಸರಿ, ಆದರೆ ಹಣಕಾಸು ವಿಭಾಗದವರು ‘ಎಷ್ಟರಿಂದ ಎಷ್ಟಕ್ಕೆ?’ ಎಂದು ಕೇಳಿದ ಕ್ಷಣ ಮಾತು ತಡವರಿಸುತ್ತದೆ. ಎರಡೂ ಮೂಲ ಸಂಖ್ಯೆಗಳನ್ನು ಮೊದಲು ಹೇಳಿ, ಬೇಕಾದರೆ ಆಮೇಲೆ ಶೇಕಡಾವಾರು ಹೇಳಿ. ಇನ್ನೊಂದು, ಇಮೇಲ್ ತೆರೆದವರ ಪ್ರಮಾಣವನ್ನು ಸಾಧನೆಯೆಂದು ತೋರಿಸುವುದು. ಆಪಲ್ 2021ರಲ್ಲಿ ತನ್ನ ಮೇಲ್ ಆ್ಯಪ್‌ಗೆ ತಂದ ಗೋಪ್ಯತಾ ವ್ಯವಸ್ಥೆ, ತೆರೆದವರನ್ನು ಎಣಿಸಲು ಬಳಸುವ ಇಮೇಲ್‌ನೊಳಗಿನ ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳುವುದರಿಂದ, ಯಾರೂ ಓದದ ಇಮೇಲ್ ಕೂಡ ತೆರೆದಂತೆ ದಾಖಲಾಗಬಹುದು. ವಿಷಯ ತಿಳಿದವರ ಮುಂದೆ ಆ ಸಂಖ್ಯೆ ಹಿಡಿದು ನಿಂತರೆ ಇರುವ ಧೈರ್ಯವೂ ಕರಗುತ್ತದೆ.

ಹಂತ 2: ಬರೆದದ್ದನ್ನು ಬಾಯಿಗೆ ತರುವುದು

ದಾಖಲೆಗಳಲ್ಲಿ ಮೂರನ್ನು ಆರಿಸಿ, ಪ್ರತಿಯೊಂದನ್ನೂ ಅರ್ಧ ನಿಮಿಷದಲ್ಲಿ ಒಮ್ಮೆ, ಎರಡು ನಿಮಿಷದಲ್ಲಿ ಒಮ್ಮೆ ಹೇಳಲು ಅಭ್ಯಾಸ ಮಾಡಿ. ಚಿಕ್ಕದು ಮಾರ್ಕೆಟಿಂಗ್ ಗೊತ್ತಿಲ್ಲದವರಿಗೂ ಅರ್ಥವಾಗಬೇಕು. ಫನೆಲ್, ಅಟ್ರಿಬ್ಯೂಷನ್‌ನಂಥ ಪದ ಅದರಲ್ಲಿ ಒಂದೂ ಬೇಡ. ದೊಡ್ಡದು ಇದೇ ಕ್ಷೇತ್ರದವರಿಗೆ, ಅಲ್ಲಿ ಪರೀಕ್ಷೆ ಹೇಗೆ ಮಾಡಿದಿರಿ ಎಂಬುದು ಮುಖ್ಯ.

ಫೋನ್‌ನಲ್ಲಿ ಧ್ವನಿಮುದ್ರಿಸಿ ಮರುದಿನ ಕೇಳಿ. ‘ಸುಮ್ಮನೆ ಒಂದು ಪ್ರಯತ್ನ’, ‘ಅಂಥದ್ದೇನೂ ಅಲ್ಲ’, ‘ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೂ’ ಎಂಬಂಥ ಮಾತುಗಳು ಎಷ್ಟು ಸಲ ನುಸುಳಿವೆ ಎಂದು ಗುರುತು ಹಾಕಿ. ವಿನಯವೆಂದುಕೊಂಡು ಆಡುವ ಈ ಮಾತುಗಳನ್ನು ಕೇಳುವವರು ಅಕ್ಷರಶಃ ನಂಬಿಬಿಡುತ್ತಾರೆ. ಹಾಗೆಂದು ಅವುಗಳ ಜಾಗದಲ್ಲಿ ಜಂಬದ ಮಾತು ತುರುಕಬೇಕಾಗಿಲ್ಲ, ತೆಗೆದುಹಾಕಿದರೆ ಸಾಕು.

ಸಿದ್ಧತೆಯಿಲ್ಲದೆ ಮಾತನಾಡಬೇಕಾದಾಗ ನಾಲಿಗೆ ಒಣಗುವವರಿಗೆ ಭಾಷಣ ಅಭ್ಯಾಸದ ಗುಂಪುಗಳು ನೆರವಾಗುತ್ತವೆ. 1924ರಲ್ಲಿ ಆರಂಭವಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳ ಸಭೆಗಳಲ್ಲಿ, ಅಲ್ಲೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತನಾಡಿಸುವ ಭಾಗವಿರುತ್ತದೆ. ಮೀಟಿಂಗ್‌ನಲ್ಲಿ ಥಟ್ಟನೆ ಬರುವ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ತಾಲೀಮು ಸಿಗುವುದು ಕಷ್ಟ. ಮಾತಿಗೆ ಮುನ್ನ ಎದೆ ಹೊಡೆದುಕೊಂಡರೆ ಶಾಂತವಾಗಲು ಹೆಣಗಬೇಡಿ. ಆತಂಕವನ್ನು ಅದುಮುವುದಕ್ಕಿಂತ ಅದನ್ನೇ ‘ಉತ್ಸಾಹ’ ಎಂದು ತಮಗೆ ತಾವೇ ಹೇಳಿಕೊಂಡವರು ಭಾಷಣದಲ್ಲಿ ಉತ್ತಮವಾಗಿ ಮಾತನಾಡಿದ್ದನ್ನು ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರ ಅಧ್ಯಯನದಲ್ಲಿ ತೋರಿಸಿದ್ದಾರೆ.

ಕಂಠಪಾಠ ಮಾಡಬೇಡಿ. ಒಂದು ಪದ ಮರೆತಾಗ ಮುಂದಿನ ವಾಕ್ಯವೇ ನಿಂತುಹೋಗುತ್ತಿದ್ದರೆ ನೀವು ಕಂಠಪಾಠ ಮಾಡಿದ್ದೀರಿ ಎಂದೇ ಅರ್ಥ.

ಹಂತ 3: ಮೊದಲು ಸ್ವಂತ ಸಂಸ್ಥೆಯೊಳಗೆ

ಸಂಪರ್ಕವೆಂದರೆ ಹೊರಗಿನವರು ಎಂಬ ಎಣಿಕೆಯಿಂದ ಹಲವರು ಪಕ್ಕದ ವಿಭಾಗದವರ ಹೆಸರನ್ನೂ ತಿಳಿಯದೆ ವರ್ಷಗಳನ್ನು ಕಳೆಯುತ್ತಾರೆ. ನಿಮ್ಮ ಬಡ್ತಿಯ ಮಾತು ಬಂದಾಗ ಆ ಕೋಣೆಯಲ್ಲಿ ಮಾರಾಟ, ಉತ್ಪನ್ನ ಮತ್ತು ಹಣಕಾಸು ವಿಭಾಗದ ಮುಖ್ಯಸ್ಥರೂ ಇರಬಹುದು. ಅವರಲ್ಲಿ ಒಬ್ಬರಿಗಾದರೂ ನಿಮ್ಮ ಕೆಲಸ ನೇರವಾಗಿ ಗೊತ್ತಿರಬೇಕು.

ಮಾರಾಟ ತಂಡದಿಂದ ಆರಂಭಿಸುವುದು ಸುಲಭ. ಗ್ರಾಹಕರೊಡನೆ ಅವರು ಆಡುವ ಮಾತುಗಳನ್ನು ವಾರಕ್ಕೊಮ್ಮೆ ಕೂತು ಕೇಳಲು ಅನುಮತಿ ಪಡೆಯಿರಿ. ಗ್ರಾಹಕರು ಬಳಸಿದ ಪದಗಳನ್ನು ಹಾಗೆಯೇ ಬರೆದುಕೊಂಡು, ಅವುಗಳಲ್ಲಿ ಒಂದನ್ನು ಮುಂದಿನ ಜಾಹೀರಾತಿನಲ್ಲೋ ಅದನ್ನು ಒತ್ತಿದವರು ಬಂದು ತಲುಪುವ ಲ್ಯಾಂಡಿಂಗ್ ಪೇಜ್‌ನಲ್ಲೋ ಬಳಸಿ, ‘ನಿಮ್ಮ ಕರೆಯಲ್ಲಿ ಕೇಳಿದ ಮಾತು ಇದು’ ಎಂದು ಅವರಿಗೇ ತೋರಿಸಿ. ಹತ್ತು ಪರಿಚಯದ ಚಹಾಕೂಟಗಳು ಕೊಡದ ವಿಶ್ವಾಸ ಈ ಒಂದು ಕೆಲಸದಿಂದ ಬರುತ್ತದೆ.

ಮೀಟಿಂಗ್‌ಗಳಿಗೆ ಹಿಂದಿನ ದಿನವೇ ವಿಷಯಪಟ್ಟಿ ನೋಡಿ ಒಂದು ಪ್ರಶ್ನೆಯನ್ನು ಬರೆದುಕೊಳ್ಳಿ, ಮತ್ತು ಅದನ್ನು ಆರಂಭದ ಹತ್ತು ನಿಮಿಷದೊಳಗೆ ಕೇಳಿ. ತಡವಾದಷ್ಟೂ ಆ ಪ್ರಶ್ನೆ ಮನಸ್ಸಿನಲ್ಲಿ ದೊಡ್ಡದಾಗುತ್ತ ಹೋಗಿ ಕೊನೆಗೆ ಗಂಟಲಲ್ಲೇ ಉಳಿಯುತ್ತದೆ. ಪ್ರಶ್ನೆ ಇತರರ ಕೆಲಸವನ್ನು ಅಳೆಯುವಂತಿರದೆ ತಿಳಿಯುವಂತಿರಲಿ: ‘ಈ ತಿಂಗಳು ನಾವು ಕೊಟ್ಟ ಲೀಡ್‌ಗಳಲ್ಲಿ (ಕೊಳ್ಳುವ ಆಸಕ್ತಿ ತೋರಿದವರ ವಿವರಗಳಲ್ಲಿ) ಮಾರಾಟ ತಂಡ ಕೈಬಿಟ್ಟವು ಯಾವುವು, ಕಾರಣವೇನು ಎಂದು ತಿಳಿದರೆ ಮುಂದಿನ ಜಾಹೀರಾತನ್ನು ಬದಲಿಸಬಹುದು.’

ಬೇರೆ ವಿಭಾಗದವರು ತಾವಾಗಿಯೇ ನಿಮ್ಮನ್ನು ಹುಡುಕಿಕೊಂಡು ಬಂದು ಅಭಿಪ್ರಾಯ ಕೇಳಲು ಶುರುಮಾಡಿದರೆ ಈ ಹಂತ ಮುಗಿದಂತೆ. ಅದಕ್ಕೆ ಎರಡು ಮೂರು ತಿಂಗಳು ಹಿಡಿದರೂ ಅವಸರ ಬೇಡ.

ಹಂತ 4: ಹಳೆಯ ಪರಿಚಯಗಳ ಪಟ್ಟಿ

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಆ ಸುದ್ದಿ ಬಂದದ್ದು ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರಿಂದ ಎಂದು ತೋರಿಸಿದರು. ಆಪ್ತರಿಗೆ ತಿಳಿದಿರುವುದು ಬಹುಪಾಲು ನಿಮಗೂ ತಿಳಿದಿರುತ್ತದೆ. ಬೇರೆ ವಲಯದಲ್ಲಿ ಓಡಾಡುವವರಿಗೆ ಬೇರೆ ಸುದ್ದಿ ಸಿಗುತ್ತದೆ. ವೃತ್ತಿ ಸಂಪರ್ಕಗಳ ಜಾಲತಾಣ ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ಐದು ವರ್ಷ ನಡೆದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನು ಒಂದು ತಿದ್ದುಪಡಿಯೊಂದಿಗೆ ಒಪ್ಪಿತು: ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾದದ್ದು ತೀರಾ ಆಪ್ತವೂ ಅಲ್ಲದ, ಹೆಸರಿಗಷ್ಟೇ ಇರುವಂಥದ್ದೂ ಅಲ್ಲದ ನಡುವಿನ ಪರಿಚಯ.

ಹಾಗಾಗಿ ಗುರುತಿಲ್ಲದ ದೊಡ್ಡ ಹೆಸರುಗಳ ಬೆನ್ನುಹತ್ತುವ ಮೊದಲು, ಮಾತು ನಿಂತುಹೋದ ಹಳೆಯ ಪರಿಚಯಗಳನ್ನು ಪಟ್ಟಿ ಮಾಡಿ. ಹಿಂದಿನ ಸಂಸ್ಥೆಯ ಸಹೋದ್ಯೋಗಿಗಳು, ಒಟ್ಟಿಗೆ ಕೆಲಸ ಮಾಡಿದ ಏಜೆನ್ಸಿಯವರು, ಜಾಹೀರಾತು ಜಾಗ ಮಾರಲು ಬರುತ್ತಿದ್ದವರು, ಬೇರೆಡೆ ಹೋದ ಮಾರಾಟಗಾರರು, ಸಹಪಾಠಿಗಳು. ನಲವತ್ತು ಹೆಸರು ಸಾಕು. ಹಾಳೆಯಲ್ಲಿ ಹೆಸರಿನ ಮುಂದೆ ಪರಿಚಯ ಹೇಗೆ, ಕೊನೆಯ ಸಲ ಮಾತಾಡಿದ್ದು ಯಾವಾಗ, ಈಗ ಅವರ ಕೆಲಸವೇನು, ನನ್ನಿಂದ ಅವರಿಗೆ ಏನು ಉಪಯೋಗವಾದೀತು, ಮುಂದಿನ ದಿನಾಂಕ ಎಂಬ ಕಲಂಗಳಿರಲಿ. ನಾಲ್ಕನೆಯ ಕಲಂ ಎಲ್ಲರ ಮುಂದೆಯೂ ಖಾಲಿ ಉಳಿದರೆ ಅದೊಂದು ಎಚ್ಚರಿಕೆ. ಅವರನ್ನು ನೀವು ಬರಿಯ ಅವಕಾಶದ ಬಾಗಿಲುಗಳಂತೆ ನೋಡುತ್ತಿದ್ದೀರಿ, ಅದು ಅವರಿಗೂ ತಿಳಿಯುತ್ತದೆ.

ಇದೇ ಹೊತ್ತಿಗೆ ಪ್ರೊಫೈಲ್ ತಿದ್ದಿ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಮಿತಿಯಿದೆ. ಹುದ್ದೆಯ ಹೆಸರಿನ ಜೊತೆಗೆ ಯಾವ ಬಗೆಯ ಗ್ರಾಹಕರಿಗಾಗಿ ಯಾವ ಬಗೆಯ ಕೆಲಸ ಮಾಡುತ್ತೀರಿ ಎಂದು ಬರೆಯಿರಿ. ‘ಛಲಗಾರ’, ‘ಕನಸುಗಾರ’ ಮುಂತಾದ ವಿಶೇಷಣಗಳಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ.

ಹಂತ 5: ಮೊದಲ ಸಂದೇಶ

ಬಹುಪಾಲು ಸಂದೇಶಗಳಿಗೆ ಉತ್ತರ ಬಾರದಿರುವುದಕ್ಕೆ ಕಾರಣ ಅವುಗಳ ಒಳಗೇ ಇರುತ್ತದೆ. ಇದನ್ನು ನೋಡಿ:

‘ಸರ್, ನಾನು ನಿಮ್ಮ ಅಭಿಮಾನಿ. ನಿಮ್ಮ ಸಂಸ್ಥೆಯಲ್ಲಿ ಯಾವುದಾದರೂ ಅವಕಾಶವಿದ್ದರೆ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ.’

ಓದುವವರು ಇದಕ್ಕೆ ಉತ್ತರಿಸಬೇಕಾದರೆ ರೆಸ್ಯೂಮೆ ತೆರೆದು ಓದಬೇಕು, ಹುದ್ದೆ ಹುಡುಕಬೇಕು, ಗುರುತಿಲ್ಲದವರ ಪರವಾಗಿ ಮಾತಾಡಬೇಕು. ಇಷ್ಟು ಹೊರೆಯನ್ನು ಯಾರೂ ಹೊರುವುದಿಲ್ಲ. ಅದೇ ಕೆಲಸವನ್ನು ಹೀಗೆ ಮಾಡಬಹುದು:

‘ನಮಸ್ಕಾರ. ಎರಡು ವರ್ಷದ ಹಿಂದೆ ಏಜೆನ್ಸಿಯ ಕಡೆಯಿಂದ ನೀವು ನಮ್ಮ ಉತ್ಪನ್ನದ ಬಿಡುಗಡೆ ನೋಡಿಕೊಂಡಾಗ ನಾನು ಕಂಟೆಂಟ್ ತಂಡದಲ್ಲಿದ್ದೆ. ನೀವೀಗ ಗ್ರಾಹಕರನ್ನು ಉಳಿಸಿಕೊಳ್ಳುವ ವಿಭಾಗದಲ್ಲಿದ್ದೀರಿ ಎಂದು ತಿಳಿಯಿತು. ನಾನೂ ಆ ಕಡೆಗೆ ಹೋಗುವ ಯೋಚನೆಯಲ್ಲಿದ್ದೇನೆ. ಕಂಟೆಂಟ್‌ನಿಂದ ಬಂದವರಿಗೆ ಮೊದಲ ಆರು ತಿಂಗಳಲ್ಲಿ ಯಾವ ಕೊರತೆ ಕಾಡುತ್ತದೆ ಎಂದು ನಿಮ್ಮಿಂದ ತಿಳಿಯುವ ಆಸೆ. ಮುಂದಿನ ವಾರ 20 ನಿಮಿಷ ಬಿಡುವಿದ್ದರೆ ಫೋನ್ ಮಾಡಲೇ? ಆಗದಿದ್ದರೆ ಎರಡು ಸಾಲಿನ ಉತ್ತರವೂ ಸಾಕು.’

ಪರಿಚಯದ ನೆನಪು, ಬರೆಯಲು ಕಾರಣ, ಅವರೇ ಉತ್ತರಿಸಬಲ್ಲ ಒಂದು ಪ್ರಶ್ನೆ, ಸಮಯದ ಮಿತಿ, ನಿರಾಕರಿಸಲು ಮರ್ಯಾದೆಯ ದಾರಿ, ಇಷ್ಟೂ ಅದರಲ್ಲಿವೆ. ವಾರಕ್ಕೆ ಮೂರಕ್ಕಿಂತ ಹೆಚ್ಚು ಕಳಿಸಬೇಡಿ, ಹೆಚ್ಚಾದರೆ ಉತ್ತರಗಳನ್ನು ನಿಭಾಯಿಸಲಾಗದು. ಉತ್ತರ ಬಾರದಿದ್ದರೆ ಹತ್ತು ದಿನದ ನಂತರ ಒಮ್ಮೆ ಮಾತ್ರ ನೆನಪಿಸಿ. ಮೌನವನ್ನು ಅವಮಾನವೆಂದು ತಿಳಿಯಬೇಕಿಲ್ಲ. ಬಿಡುವಿಲ್ಲದ ವಾರವೊಂದು ಅವರಿಗೂ ಇರುತ್ತದೆ.

ಹಂತ 6: ಇಪ್ಪತ್ತು ನಿಮಿಷದ ಮಾತುಕತೆ

ಮೂರು ಪ್ರಶ್ನೆಗಳು ಸಿದ್ಧವಿರಲಿ, ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಉತ್ತರಕ್ಕೆ ಅವುಗಳಲ್ಲಿ ಒಂದನ್ನೂ ವ್ಯಯಿಸಬೇಡಿ. ಅವರು ನಿಮ್ಮ ಕೆಲಸದ ಬಗ್ಗೆ ಕೇಳಿದಾಗ ಅಭ್ಯಾಸ ಮಾಡಿದ ಅರ್ಧ ನಿಮಿಷದ ಮಾತು ಹೇಳಿ ನಿಲ್ಲಿಸಿ. ಕುತೂಹಲವಿದ್ದರೆ ಅವರೇ ಮುಂದುವರಿಸಿ ಕೇಳುತ್ತಾರೆ. ಸಮಯ ಮುಗಿಯುತ್ತ ಬಂದಾಗ ನೀವೇ ಗಮನಕ್ಕೆ ತನ್ನಿ, ಮತ್ತು ‘ಈ ವಿಷಯದಲ್ಲಿ ಇನ್ನು ಯಾರೊಡನೆ ಮಾತಾಡಿದರೆ ಒಳ್ಳೆಯದು?’ ಎಂದು ಕೇಳಿ. ಈ ಮಾತುಕತೆಯಲ್ಲಿ ಕೆಲಸ ಕೇಳಬೇಡಿ. ಸಲಹೆಗೆಂದು ಸಮಯ ಪಡೆದು ಕೆಲಸ ಕೇಳುವುದು ಕೊಟ್ಟ ಮಾತಿಗೆ ತಪ್ಪಿದಂತೆ.

ಹಂತ 7: ಎರಡನೆಯ ಸಂದೇಶ

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಇಲ್ಲಿ. ಮಾತುಕತೆ ಚೆನ್ನಾಗಿ ನಡೆಯುತ್ತದೆ, ಅಂದೇ ಧನ್ಯವಾದವೂ ಹೋಗುತ್ತದೆ, ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಮತ್ತೆ ಸಂದೇಶ ಹೋಗುವುದು ಕೆಲಸ ಕಳೆದುಕೊಂಡಾಗ. ಬಿತ್ತಿದ ಹೊಲಕ್ಕೆ ಕೊಯ್ಲಿನ ದಿನವೇ ಮತ್ತೆ ಕಾಲಿಟ್ಟಂತೆ ಇದು.

ಮಾತು ಮುಗಿದ ಕೂಡಲೇ ಅವರು ಕೊಟ್ಟ ಸಲಹೆಯನ್ನು ಹಾಳೆಯಲ್ಲಿ ಬರೆದು, ಅದರಲ್ಲಿ ಒಂದನ್ನಾದರೂ ನಿಜವಾಗಿ ಮಾಡಿ. ಮೂರು ನಾಲ್ಕು ವಾರಗಳ ನಂತರ ಆಗಿದ್ದನ್ನು ತಿಳಿಸಿ: ‘ಗ್ರಾಹಕರು ಬಿಟ್ಟುಹೋಗುವುದನ್ನು ಸೇರಿದ ತಿಂಗಳಿನ ಪ್ರಕಾರ ವಿಂಗಡಿಸಿ ನೋಡಲು ನೀವು ಹೇಳಿದ್ದಿರಿ. ನೋಡಿದೆ. ಮೂರನೆಯ ತಿಂಗಳಲ್ಲಿ ಬಿಡುವವರೇ ಹೆಚ್ಚು ಎಂದು ತಿಳಿದು, ತಂಡದಲ್ಲಿ ಅದರ ಮೇಲೆ ಕೆಲಸ ಶುರುವಾಗಿದೆ.’ ಸಲಹೆ ಕೊಟ್ಟವರಿಗೆ ತಮ್ಮ ಮಾತು ವ್ಯರ್ಥವಾಗಲಿಲ್ಲ ಎಂಬ ಇಂಥ ಸುದ್ದಿ ಅಪರೂಪಕ್ಕೆ ಸಿಗುತ್ತದೆ, ಮತ್ತು ಅದನ್ನು ತಂದವರನ್ನು ಅವರು ಮರೆಯುವುದಿಲ್ಲ. ನಿಮ್ಮ ಪಾಲಿಗೂ ಇದು ಹಂತ 1ರ ಕಡತಕ್ಕೆ ಸೇರುವ ಹೊಸ ದಾಖಲೆ.

ನಂತರ ವರ್ಷಕ್ಕೆ ಮೂರು ನಾಲ್ಕು ಸಲ ಸಂಪರ್ಕವಿದ್ದರೆ ಸಾಕು. ಅವರ ಕ್ಷೇತ್ರಕ್ಕೆ ಹೊಂದುವ ವರದಿ, ಅವರು ಹುಡುಕುತ್ತಿರುವ ವಿನ್ಯಾಸಕಾರರ ಹೆಸರು, ಅವರ ಹೊಸ ಹುದ್ದೆಗೆ ಎರಡು ಸಾಲಿನ ಶುಭಾಶಯ. ಹಬ್ಬದ ದಿನ ಎಲ್ಲರಿಗೂ ಒಟ್ಟಿಗೆ ಹೋಗುವ ಚಿತ್ರಸಂದೇಶ ಈ ಲೆಕ್ಕಕ್ಕೆ ಬರುವುದಿಲ್ಲ.

ಹಂತ 8: ಸಮಾವೇಶಗಳು

ಈಗ ಹೋಗಬಹುದು. ಭಾಷಣಕಾರರ ಪಟ್ಟಿ ನೋಡಿ ಇಬ್ಬರನ್ನು ಗುರುತಿಸಿ, ಹೋಗುವ ಮೊದಲೇ ಒಂದು ಸಾಲು ಬರೆದಿಡಿ. ಸ್ವಲ್ಪ ಬೇಗ ಹೋಗಿ, ಗುಂಪುಗಳು ಇನ್ನೂ ಕಟ್ಟಿಕೊಂಡಿರದ ಹೊತ್ತಿನಲ್ಲಿ ಮಾತು ಸುಲಭ. ಮೂರು ಒಳ್ಳೆಯ ಮಾತುಕತೆ ನಡೆದರೆ ದಿನ ಸಾರ್ಥಕ, ಮನೆಗೆ ಮರಳಬಹುದು. ಜನರ ನಡುವೆ ಬೇಗ ದಣಿಯುವವರು ಸ್ವಯಂಸೇವಕರಾಗಿ ನೋಂದಣಿ ಮೇಜಿನಲ್ಲಿ ಕೂರುವುದು ಉತ್ತಮ, ಅಲ್ಲಿ ಜನರೇ ನಿಮ್ಮ ಬಳಿಗೆ ಬರುತ್ತಾರೆ.

ಹಂತ 9: ಬಡ್ತಿ ಅಥವಾ ಶಿಫಾರಸು ಕೇಳುವುದು

ಬಡ್ತಿಯ ಮಾತನ್ನು ವಾರ್ಷಿಕ ಮೌಲ್ಯಮಾಪನದ ದಿನ ಎತ್ತಿದರೆ ತಡವಾಯಿತು, ಅಷ್ಟರಲ್ಲಿ ಬಜೆಟ್ ಹಂಚಿಕೆಯಾಗಿರುತ್ತದೆ. ಐದಾರು ತಿಂಗಳು ಮೊದಲೇ ಮ್ಯಾನೇಜರ್ ಬಳಿ ‘ಮುಂದಿನ ಹುದ್ದೆಗೆ ನನ್ನನ್ನು ಪರಿಗಣಿಸಲು ಯಾವ ಮೂರು ವಿಷಯ ಕಾಣಿಸಬೇಕು?’ ಎಂದು ಕೇಳಿ, ಉತ್ತರವನ್ನು ಅಂದೇ ಇಮೇಲ್‌ನಲ್ಲಿ ಬರೆದು ಕಳಿಸಿ. ಮುಂದೆ ಪ್ರತಿ ತಿಂಗಳೂ ಆ ಮೂರರ ಎದುರು ನಿಮ್ಮ ಕಡತದಿಂದ ಒಂದೊಂದು ದಾಖಲೆ ಇಡಿ. ಎಷ್ಟು ಕೇಳಿದರೂ ‘ಇನ್ನಷ್ಟು ಮುಂದೆ ಬರಬೇಕು’ ಎಂಬಂಥ ಮಾತೇ ಬರುತ್ತಿದ್ದು, ಏನು ಮಾಡಬೇಕೆಂಬುದು ಎರಡನೆಯ ಸಲವೂ ಸ್ಪಷ್ಟವಾಗದಿದ್ದರೆ, ಆ ಸಂಸ್ಥೆಯಲ್ಲಿ ದಾರಿ ಮುಚ್ಚಿರುವ ಸಾಧ್ಯತೆ ಹೆಚ್ಚು. ಹೊರಗೆ ನೋಡುವ ಸಮಯ ಅದು.

ಹೊರಗಿನ ಹುದ್ದೆಗೆ ಶಿಫಾರಸು ಕೇಳುವಾಗ ಯಾವ ಹುದ್ದೆ ಎಂದು ಕೊಂಡಿ ಸಹಿತ ಹೇಳಿ, ಅವರು ಹಾಗೆಯೇ ಮುಂದೆ ಕಳಿಸಬಹುದಾದ ಐದು ಸಾಲಿನ ಪರಿಚಯವನ್ನು ನೀವೇ ಬರೆದುಕೊಡಿ, ಮತ್ತು ‘ನನ್ನ ಕೆಲಸ ನಿಮಗೆ ಅಷ್ಟಾಗಿ ತಿಳಿದಿಲ್ಲವೆನಿಸಿದರೆ ಸಂಕೋಚವಿಲ್ಲದೆ ಹೇಳಿ’ ಎಂದು ಸೇರಿಸಿ. ಒಲ್ಲದ ಮನಸ್ಸಿನ ಶಿಫಾರಸು ಇಲ್ಲದ್ದಕ್ಕಿಂತ ಕೆಟ್ಟದ್ದು. ನೀವು ಹೊರಗೆ ಹುಡುಕುತ್ತಿರುವ ಸುದ್ದಿ ಸದ್ಯಕ್ಕೆ ಯಾರಿಗೆ ತಿಳಿಯಬಾರದು ಎಂಬುದನ್ನೂ ಅವರಿಗೆ ಮೊದಲೇ ಹೇಳಿಡಿ.

ಫಲಿತಾಂಶ ಏನೇ ಆಗಲಿ, ಶಿಫಾರಸು ಮಾಡಿದವರಿಗೂ ಸಂದರ್ಶನಕ್ಕೆ ಸಿದ್ಧಪಡಿಸಿದವರಿಗೂ ಅದೇ ವಾರ ತಿಳಿಸಬೇಕು. ಆಯ್ಕೆಯಾಗದಿದ್ದರೆ ಎಲ್ಲಿ ಹಿಂದೆ ಬಿದ್ದಿರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಸಿಕ್ಕಿಯೂ ನೀವೇ ಬೇಡವೆಂದಿದ್ದರೆ, ಆ ಕಾರಣವನ್ನು ಅವರು ಬೇರೆಯವರಿಂದ ಕೇಳುವ ಮೊದಲು ನೀವೇ ಫೋನ್ ಮಾಡಿ ಹೇಳಿ, ಏಕೆಂದರೆ ತಮ್ಮ ಸಂಸ್ಥೆಯವರಿಗೆ ಉತ್ತರ ಕೊಡಬೇಕಾದವರು ಅವರು.